ಪೊಟ್ಯಾಷಿಯಂ ಸರಬರಾಜಿಗೆ ಏಕಗವಾಕ್ಷಿ ಕೋರಿ

ಇಂದ,
ಮೇಲ್ಮಹಡಿಯ ಯಜಮಾನಿಯ ಗಂಡ ಹಾಗೂ ಕೆಳಮಹಡಿಯ ಅಕ್ಕನ ಒಬ್ಬನೇ ತಮ್ಮ,
ವಯಸ್ಸು ಐವತ್ತೆಂಟು, ಉದ್ಯೋಗ: ಮುದ್ರಣಾಲಯದಲ್ಲಿ ಕರಡು ತಿದ್ದುವುದು
(ಇನ್ನು ಮುಂದೆ 'ಅರ್ಜಿದಾರ')

ಗೆ,
1. ಅರ್ಜಿದಾರನ ಹೆಂಡತಿಯವರು, ಮೇಲ್ಮಹಡಿ
2. ಅರ್ಜಿದಾರನ ಅಕ್ಕನವರು, ಕೆಳಮಹಡಿ
(ಈ ಅನುಕ್ರಮವು ಮೆಟ್ಟಿಲು ಇಳಿಯುವ ಕ್ರಮದಲ್ಲಿದೆ. ಹತ್ತುವ ಕ್ರಮದಲ್ಲಿ ಓದಿಕೊಂಡರೂ ಅಭ್ಯಂತರವಿಲ್ಲ.)

ವಿಷಯ: ಅರ್ಜಿದಾರನ ಹೃದಯಕ್ಕೆ ಪೊಟ್ಯಾಷಿಯಂ ಒದಗಿಸುವ ಕಾರ್ಯವನ್ನು ಒಂದೇ ಕಿಟಕಿಯಿಂದ ನಡೆಸುವ ಬಗ್ಗೆ, ಮತ್ತು ಅರ್ಜಿದಾರನನ್ನು ಸುದ್ದಿ ಸಾಗಿಸುವ ಹುದ್ದೆಯಿಂದ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: 1) ಡಾಕ್ಟರಮ್ಮನವರ ಮೌಖಿಕ ಆದೇಶಗಳು ಎರಡು, ಎರಡನೆಯದು ಗದರಿಕೆ ಸಹಿತ.
2) ಆಸ್ಪತ್ರೆಯ ಮಂಚದ ಎಡಬಲಗಳಿಂದ ತಾವಿಬ್ಬರೂ ಏಕಕಾಲಕ್ಕೆ ಹೊರಡಿಸಿದ ಆಜ್ಞೆ: "ಬಾಯಿ ಬಿಡೋಕೆ ಆಗ್ದಿದ್ರೆ ಬರೆದಾದ್ರೂ ಕೊಡು!" (ಹೆಂಡತಿಯವರ ಪ್ರತಿಯಲ್ಲಿ 'ಕೊಡಿ').

ಮಾನ್ಯರಿಬ್ಬರೇ,

ಮೇಲ್ಕಂಡ ವಿಷಯವಾಗಿ ತಮ್ಮ ಘನ ಅವಗಾಹನೆಗೆ ತರಬಯಸುವುದೇನೆಂದರೆ:

1. ಅರ್ಜಿದಾರ ಮಾತಿನವನಲ್ಲ, ಕೇಳುವವನು. ಅವನ ತಂದೆ ದಿನವೂ ನಸುಕಿನಲ್ಲಿ ದೇವರ ಮುಂದೆ ಕೂತು ಪದ್ಯ ಹೇಳುತ್ತಿದ್ದರು. ಹೊದಿಕೆಯೊಳಗೇ ಕಿವಿ ತೆರೆದು ಮಲಗಿರುತ್ತಿದ್ದ ಅವನಿಗೆ ಎಲ್ಲಿ ಸಾಲು ತಿರುಗುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದು ಅರ್ಥಕ್ಕೆ ಮೊದಲೇ ತಿಳಿದುಬಿಡುತ್ತಿತ್ತು. ಅದೇ ಗುಣ ಅವನಿಗೆ ಅನ್ನ ಕೊಟ್ಟಿತು. ಮುದ್ರಣಾಲಯದ ಕರಡು ಕೋಣೆಯಲ್ಲಿ 'ಓದುಗಣ್ಣ' ಎಂದೇ ಹೆಸರಾದ ಸಹೋದ್ಯೋಗಿ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ. ಅರ್ಜಿದಾರ ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತ ಕೇಳುತ್ತಾನೆ. ಕಾಗುಣಿತ, ಕೊಂಬು, ಒತ್ತು, ವಿರಾಮ ಇವು ಅವನ ಇಲಾಖೆ. ಅರ್ಥ ಅವನ ಇಲಾಖೆಯಲ್ಲ.

2. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಅಕ್ಕನವರು, "ಇದಕ್ಕೆ ಉಪ್ಪು ಹಾಕಿದ್ಯೇನಮ್ಮಾ?" ಎಂದು ಕೇಳಿದರು. ಹೆಂಡತಿಯವರು, "ಹಾಕಿದೀನಿ, ನಾಲಿಗೆಗೂ ವಯಸ್ಸಾಗುತ್ತೆ" ಎಂದರು. ಅಲ್ಲಿಗೆ ಇಬ್ಬರ ನಡುವೆ ಮಾತುಕತೆ ಸ್ಥಗಿತವಾಯಿತು, ಒಲೆ ಎರಡಾಯಿತು. ಅಂದಿನಿಂದ ಅರ್ಜಿದಾರ ಯಾವ ನೇಮಕಾತಿ ಪತ್ರವೂ ಇಲ್ಲದೆ ಸುದ್ದಿ ಸಾಗಿಸುತ್ತಿದ್ದಾನೆ. "ನಿಮ್ಮಕ್ಕನಿಗೆ ಹೇಳಿ, ಕೆಳಗಡೆ ನಲ್ಲಿ ಸೋರ್ತಿದೆ" ಎಂದು ಹೆಂಡತಿಯವರು ಹೇಳುವಾಗ ಅಕ್ಕನವರು ಮಾರು ದೂರದಲ್ಲೇ ನಿಂತಿರುತ್ತಾರೆ. ಅರ್ಜಿದಾರ ಆ ಕಡೆ ತಿರುಗಿ, "ಅಕ್ಕಾ, ನಲ್ಲಿ ಸೋರ್ತಿದೆಯಂತೆ" ಎನ್ನುತ್ತಾನೆ. "ಗೊತ್ತಿದೆ ಅಂತ ಹೇಳು" ಎಂದು ಉತ್ತರ ಬರುತ್ತದೆ. ಅದನ್ನೂ ತಲುಪಿಸಲಾಗುತ್ತದೆ.

3. ಹೀಗಿರುವಲ್ಲಿ, ಎರಡು ತಿಂಗಳ ಹಿಂದೆ ಡಾಕ್ಟರಮ್ಮನವರು ಅರ್ಜಿದಾರನ ತೋಳಿಗೆ ಪಟ್ಟಿ ಸುತ್ತಿ ನೋಡಿ ಹೇಳಿದ್ದು: "ಬಿಪಿ ಏರಿದೆ. ಈ ಮಾತ್ರೆ ತಗೊಳ್ಳಿ, ಉಪ್ಪು ಇಳಿಸಿ. ಹಣ್ಣು, ಸೊಪ್ಪು, ಕಾಳು ಊಟದಲ್ಲಿರ್ಲಿ, ಅದ್ರಲ್ಲಿ ಪೊಟ್ಯಾಷಿಯಂ ಇರುತ್ತೆ, ಹೃದಯಕ್ಕೆ ಒಳ್ಳೇದು. ಊಟದಲ್ಲಿ ಅಷ್ಟೇ. ಅದು ಬಿಟ್ಟು ನೀವಾಗೇ ಬೇರೇನೂ ನುಂಗ್ಬೇಡಿ." ಇಷ್ಟುದ್ದದ ಆದೇಶದಲ್ಲಿ ಅರ್ಜಿದಾರ ಮನೆ ಮುಟ್ಟಿಸಿದ್ದು ಮೂರೇ ಪದ: "ಪೊಟ್ಯಾಷಿಯಂ ಜಾಸ್ತಿ ಬೇಕಂತೆ." ಇದನ್ನೇ ಮೇಲೆ ಒಮ್ಮೆ, ಕೆಳಗೆ ಒಮ್ಮೆ, ಕರಡು ಕೋಣೆಯಲ್ಲಿ ಒಮ್ಮೆ ಹೇಳಿದ.

4. ತತ್ಪರಿಣಾಮವಾಗಿ ಸರಬರಾಜು ಮೂರು ದಿಕ್ಕಿನಿಂದ ಆರಂಭವಾಯಿತು.

ಕೆಳಮಹಡಿ: ಕೆಲಸಕ್ಕೆ ಹೊರಟವನನ್ನು ಮೆಟ್ಟಿಲ ಬುಡದಲ್ಲೇ ತಡೆದು ಎರಡು ಬಾಳೆಹಣ್ಣು, ಸಂಜೆ ಬೇಯಿಸಿದ ಆಲೂಗಡ್ಡೆ, ಒಂದು ಬಟ್ಟಲು ಹುರುಳಿಕಾಯಿ. "ನಿಂತ್ಕೊಂಡೇ ತಿನ್ನು, ಮೇಲೆ ಹೋದ್ರೆ ನಿಂಗೆ ಯಾರು ಕೊಡ್ತಾರೆ?"

ಮೇಲ್ಮಹಡಿ: ಕಿತ್ತಳೆ ರಸ, ಪಾಲಕ್ ಸೊಪ್ಪು. ಇವಲ್ಲದೆ ಹೆಂಡತಿಯವರು ಯಾರಿಗೂ ಹೇಳದೆ ಉಪ್ಪಿನ ಡಬ್ಬಿಯನ್ನೇ ಬದಲಾಯಿಸಿದರು. ಅಂಗಡಿಯವನು, "ಇದು ಬಿಪಿಯವರ ಉಪ್ಪು, ಪೂರ್ತಿ ಪೊಟ್ಯಾಷಿಯಂ" ಎಂದಿದ್ದನಂತೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವರು ಧಾರಾಳವಾಗಿ ಹಾಕಿದರು.

ಕರಡು ಕೋಣೆ: ಓದುಗಣ್ಣನವರು ತಮ್ಮ ಚೀಲದಿಂದ ಒಂದು ಸೀಸೆ ತೆಗೆದು, "ನಂಗೂ ಮೀನಖಂಡ ಹಿಡ್ಕೊಳ್ತಿತ್ತಪ್ಪಾ, ಇದು ನುಂಗಿದ್ಮೇಲೆ ಕುದುರೆ ಹಂಗಾಗಿದೀನಿ" ಎಂದು ದಿನಕ್ಕೆರಡು ಪೊಟ್ಯಾಷಿಯಂ ಗುಳಿಗೆ ದಯಪಾಲಿಸಿದರು. ಸದರಿಯವರು ಕುದುರೆಯಂತೆ ಕಾಣುತ್ತಾರೆಂಬುದಕ್ಕೆ ದಾಖಲೆಯಿಲ್ಲ.

5. 'ಸಾಕು' ಎಂದು ಏಕೆ ಹೇಳಲಿಲ್ಲವೆಂದು ತಾವು ಕೇಳಬಹುದು. ಮೇಲೆ ತಿಂದೆನೆಂದು ಕೆಳಗೆ ಹೇಳಿದರೆ, "ಓಹೋ, ಅವಳು ಕೊಟ್ಟಿದ್ದು ಗಂಟಲಲ್ಲಿ ಇಳಿಯುತ್ತೆ, ನನ್ನದು ಇಳಿಯಲ್ಲ" ಎಂಬ ಮಾತು. ಕೆಳಗೆ ತಿಂದೆನೆಂದು ಮೇಲೆ ಹೇಳಿದರೆ ಮಾತೇ ಇಲ್ಲ, ಅದು ಇನ್ನೂ ಕಷ್ಟ. ಆದಕಾರಣ, ಅರ್ಜಿದಾರ ಎಲ್ಲ ಕಡೆಯೂ ತಿಂದ.

6. ಏಳನೆಯ ವಾರದ ಒಂದು ಬೆಳಿಗ್ಗೆ ಓದುಗಣ್ಣ ಓದುತ್ತಿದ್ದಂತೆ ಅರ್ಜಿದಾರನ ಪೆನ್ಸಿಲ್ ನಿಂತಿತು. ಓದಿನಲ್ಲಿ ತಪ್ಪಿರಲಿಲ್ಲ. ತಪ್ಪು ಎದೆಯೊಳಗಿತ್ತು: ಪದ್ಯ ಹೇಳುವವರು ಸಾಲಿನ ನಡುವೆ ಒಂದು ತುಣುಕು ನುಂಗಿ ಮುಂದಕ್ಕೆ ಹಾರಿದಂತೆ, ಮತ್ತೆ ನುಂಗಿದಂತೆ. ಓದುಗಣ್ಣನವರೇ ಹಿಡಿದೆಬ್ಬಿಸಿ ಆಸ್ಪತ್ರೆಗೆ ಸಾಗಿಸಿದರು.

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರಮ್ಮನವರು, ಯಾರು ಏನೇನು ಕೊಟ್ಟರೆಂದು ಓಡಿಬಂದ ತಮ್ಮಿಬ್ಬರನ್ನೂ ಸೇರಿಸಿ ಎಲ್ಲರನ್ನೂ ವಿಚಾರಿಸಿ, ಮಾತ್ರೆಯ ಪೆಟ್ಟಿಗೆಯೊಳಗಿನ ಮಡಿಸಿದ ಚೀಟಿಯನ್ನು ಬಿಡಿಸಿ ಅವನ ಮುಖದ ಮುಂದೆ ಹಿಡಿದರು.

"ಇದನ್ನ ಓದಿದ್ರಾ?"

"ನಾಲ್ಕು ಸಲ, ಡಾಕ್ಟ್ರೇ. ನಮ್ಮಲ್ಲೇ ಅಚ್ಚಾಗಿದ್ದು. ಆರನೇ ಸಾಲಲ್ಲಿರೋ ಅಲ್ಪವಿರಾಮ ನಾನೇ ಹಾಕಿಸಿದ್ದು."

ಆರನೆಯ ಸಾಲು ಹೀಗಿತ್ತು: 'ಈ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಪೊಟ್ಯಾಷಿಯಂ ಗುಳಿಗೆ, ಪೊಟ್ಯಾಷಿಯಂ ಇರುವ ಬದಲಿ ಉಪ್ಪು ಬಳಸಬಾರದು.' ಅಲ್ಪವಿರಾಮ ಸರಿಯಾದ ಜಾಗದಲ್ಲೇ ಇತ್ತು.

"ಈ ಮಾತ್ರೆ ಮೈಯಲ್ಲಿ ಪೊಟ್ಯಾಷಿಯಂ ಹಿಡಿದಿಡುತ್ತೆ. ನಿಮ್ಮ ಮೂತ್ರಪಿಂಡ ಮೊದಲೇ ನಿಧಾನ. ಅದರ ಮೇಲೆ ಗುಳಿಗೆ ಬೇರೆ, ಉಪ್ಪು ಬೇರೆ! ಹೃದಯ ನಿಂತೇ ಹೋಗ್ತಿತ್ತು ಕಣ್ರೀ!"

7. ಆಗ ನಡೆದದ್ದನ್ನು ದಾಖಲಿಸುವುದು ಅರ್ಜಿದಾರನ ಕರ್ತವ್ಯ. ಮಂಚದ ಎಡಗಡೆಯಿಂದ ಹೆಂಡತಿಯವರು ಬಲಗಡೆಗೆ ನೇರವಾಗಿ ಕೇಳಿದರು: "ದಿನಾ ಎರಡು ಬಾಳೆಹಣ್ಣು ಕೊಡ್ತಿದ್ರಾ ನೀವು?"

ಬಲಗಡೆಯಿಂದ ಅಕ್ಕನವರು: "ಉಪ್ಪಿನ ಡಬ್ಬೀನೇ ಬದಲಾಯಿಸಿದ್ಯಾ ನೀನು?"

"ನಂಗೇನು ಗೊತ್ತು, ಇವರು ಹೇಳ್ಲೇ ಇಲ್ಲ!"

"ನಂಗೂ ಹೇಳ್ಲಿಲ್ಲ ಕಣೇ. ಹುಟ್ಟಿದಾಗಿಂದ ಹಿಂಗೇ ಇವನು, ಮೂಗ ಬಸಪ್ಪ!"

"ನನ್ನ ಕೇಳ್ತೀರಾ? ಮೂವತ್ತು ವರ್ಷದಿಂದ ಗೋಡೆ ಜೊತೆ ಸಂಸಾರ!"

ನಡುವೆ ಮಲಗಿದ್ದ ಅರ್ಜಿದಾರ ಕಣ್ಣು ಮುಚ್ಚಿ ಕೇಳಿದ. ಒಂಬತ್ತು ವರ್ಷದಲ್ಲಿ ಅಷ್ಟು ಇಂಪಾದ ಬೈಗುಳ ಅವನ ಕಿವಿಗೆ ಬಿದ್ದಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡ.

8. ಆದರೆ ಮನೆಗೆ ಬಂದ ಮೂರನೆಯ ದಿನಕ್ಕೇ ಮೇಲಿನ ಬಾಗಿಲು ಮೇಲೆ, ಕೆಳಗಿನ ಬಾಗಿಲು ಕೆಳಗೆ. ಸಾಲದೆಂಬಂತೆ ಈಗ ಭಯವೂ ಸೇರಿದೆ. ಗುಳಿಗೆ, ಬದಲಿ ಉಪ್ಪು ತೊಟ್ಟಿ ಸೇರಿದ್ದು ಸರಿಯೇ. ಆದರೆ ಡಾಕ್ಟರಮ್ಮನವರು ಮಾತ್ರೆ ಬದಲಾಯಿಸಿ, ಮತ್ತೊಮ್ಮೆ ರಕ್ತ ನೋಡಿ, "ಈಗ ಸರಿಹೋಗಿದೆ. ಹಾಗಂತ ಹಣ್ಣು ತರಕಾರಿ ಬಿಟ್ಟುಬಿಡ್ಬೇಡಿ, ಹೃದಯಕ್ಕೆ ಬೇಕೇ ಬೇಕು. ಎಷ್ಟು ಅನ್ನೋದು ಈ ಪಟ್ಟೀಲಿದೆ" ಎಂದು ಬರೆದುಕೊಟ್ಟರೂ, ಬಡಿಸಲು ಇಬ್ಬರಿಗೂ ಕೈ ಬರುತ್ತಿಲ್ಲ. ತಟ್ಟೆಯಲ್ಲಿ ಅನ್ನ ಮತ್ತು ಅನುಮಾನ ಮಾತ್ರ.

"ನಿಮ್ಮಕ್ಕನ್ನ ಕೇಳ್ಕೊಂಡು ಬನ್ನಿ, ಅವರು ಆಲೂಗಡ್ಡೆ ಕೊಟ್ಟಿದ್ರೆ ನಾನು ಕೊಡಲ್ಲ."

"ನಿನ್ನ ಹೆಂಡ್ತೀನ ಕೇಳು, ಅವಳು ಕೊಟ್ಟಿಲ್ಲ ಅಂದ್ರೆ ನಾನು ಕೊಡ್ತೀನಿ."

ಹದಿನಾಲ್ಕು ಮೆಟ್ಟಿಲು ಹತ್ತಿ, ಹದಿನಾಲ್ಕು ಇಳಿದು ಉತ್ತರ ತಲುಪುವಷ್ಟರಲ್ಲಿ ಆಲೂಗಡ್ಡೆ ಆರಿರುತ್ತದೆ, ಅರ್ಜಿದಾರನ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಪೊಟ್ಯಾಷಿಯಂ ಅತಿಯಾದರೂ ಹೃದಯ ನಿಲ್ಲುತ್ತದೆ, ಕಡಿಮೆಯಾದರೂ ತತ್ತರಿಸುತ್ತದೆ. ಹದ ಇರುವುದು ತಮ್ಮಿಬ್ಬರ ನಡುವೆ ಮಾತ್ರ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಮತ್ತು ಅರ್ಜಿದಾರನಿಗೆ ಇನ್ನೂ ಕೆಲವು ವರ್ಷ ತಮ್ಮಿಬ್ಬರ ದನಿಯನ್ನೂ ಕೇಳುವ ಆಸೆ ಇರುವ ಕಾರಣ:

ಅ) ಡಾಕ್ಟರಮ್ಮನವರ ಪಟ್ಟಿಯನ್ನು ತಾವಿಬ್ಬರೂ ಒಂದೇ ಮೇಜಿನಲ್ಲಿ ಕೂತು ನೋಡಿ, ದಿನಕ್ಕೆ ಒಂದೇ ತಟ್ಟೆ ನಿಗದಿಪಡಿಸುವುದು.

ಆ) ಸುದ್ದಿ ಸಾಗಿಸುವ ಹುದ್ದೆಗೆ ಅರ್ಜಿದಾರನ ರಾಜೀನಾಮೆಯನ್ನು ಅಂಗೀಕರಿಸಿ, ಹುದ್ದೆಯನ್ನೇ ರದ್ದುಪಡಿಸುವುದು. ಆ ಹುದ್ದೆಗೆ ಓದುಗಣ್ಣನವರು ತಾವಾಗಿ ಮುಂದೆ ಬಂದಿದ್ದಾರೆ, ದಯವಿಟ್ಟು ಪರಿಗಣಿಸಬಾರದು.

ಎಂದು ಎದೆ ಮುಟ್ಟಿಕೊಂಡು ಬೇಡಿಕೊಳ್ಳುವ,

ತಮ್ಮಿಬ್ಬರಿಗೂ ಸರಿಸಮನಾಗಿ ಹೆದರುವ ವಿಶ್ವಾಸಿ,
(ಸಹಿ)
ಅರ್ಜಿದಾರ

ಲಗತ್ತುಗಳು:
1. ರಕ್ತಪರೀಕ್ಷೆಯ ವರದಿ, ಎರಡು (ಏರಿದ್ದು, ಇಳಿದದ್ದು).
2. ಮಾತ್ರೆಯ ಚೀಟಿ, ಒಂದು. ಈ ಬಾರಿ ಅರ್ಥಕ್ಕಾಗಿ ಓದಲಾಗಿದೆ.
3. ಡಾಕ್ಟರಮ್ಮನವರ ಪಟ್ಟಿ.
4. ಬೇಯಿಸಿದ ಆಲೂಗಡ್ಡೆ, ಒಂದು. ಮುಟ್ಟಿಲ್ಲ, ಆದೇಶಕ್ಕಾಗಿ ಕಾದಿರಿಸಲಾಗಿದೆ.

ವಿಶೇಷ ಸೂಚನೆ: ಈ ಅರ್ಜಿಗೆ ಎರಡನೆಯ ಪ್ರತಿ ಇಲ್ಲ. ಅಕ್ಕನವರ ಕಣ್ಣಿಗೆ ಪೊರೆ ಬಂದಿರುವುದರಿಂದ, ಹೆಂಡತಿಯವರು ಕೆಳಗಿಳಿದು ಅವರ ಪಕ್ಕದಲ್ಲಿ ಕೂತು, ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅಕ್ಕನವರು ನಡುವೆ ಏನಾದರೂ ಕೇಳಿದಲ್ಲಿ, ಉತ್ತರವನ್ನು ಅರ್ಜಿದಾರನ ಮೂಲಕ ಕಳುಹಿಸತಕ್ಕದ್ದಲ್ಲ.