ಕುಕ್ಕರಿನಲ್ಲಿ ಬೆಂದ ಹೆಪ್ಪು

ಹಾಲಿಗೆ ಹೆಪ್ಪು ಹಾಕುವುದೂ ಒಂದು ವಿದ್ಯೆಯೇ ಎಂದು ನಗುತ್ತಿದ್ದವನು ನಾನು. ನಗದೆ ಏನು ಮಾಡಲಿ, ಮದ್ರಾಸಿನಲ್ಲಿ ಬಿ.ಎಸ್ಸಿ. ಮೈಕ್ರೋಬಯಾಲಜಿ ಓದುತ್ತಿದ್ದೆ! ಬಯೋಟೆಕ್ನಾಲಜಿ ಎಂಬ ಹೊಸ ಶಬ್ದ ಆಗಷ್ಟೇ ನಮ್ಮ ಮೇಷ್ಟ್ರ ಬಾಯಿಗೆ ಬಂದಿತ್ತು. ದೇಶದ ಭವಿಷ್ಯ ನನ್ನನ್ನೇ ನಂಬಿಕೊಂಡಿದೆ ಎಂದು ತಿಳಿದಿದ್ದೆ.

ಇದ್ದದ್ದು ಮೈಲಾಪೂರಿನಲ್ಲಿ, ಒಬ್ಬ ತಮಿಳು ಮಾಮಿಯ ಮನೆಯ ಮಹಡಿ ಕೋಣೆಯಲ್ಲಿ. ಎಲ್ಲವೂ ಇತ್ತು, ಗದಗಿನ ನಮ್ಮ ಮನೆಯ ಮೊಸರೊಂದು ಇರಲಿಲ್ಲ. ಅದು ನೆನಪಾದರೆ ಅರ್ಧ ಊಟಕ್ಕೇ ಕೈ ತೊಳೆದುಬಿಡುತ್ತಿದ್ದೆ. ರಜೆ ಮುಗಿಸಿ ಹೊರಟಾಗ ಅವ್ವ ಮೊಸರಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ತುಂಡೊಂದನ್ನು ಕೊಟ್ಟಳು. ಉಗುರುಬೆಚ್ಚಗಿನ ಹಾಲಿಗೆ ಹಾಕಿದರೆ ಸಾಕು, ಅಜ್ಜಿಯ ಕಾಲದಿಂದ ಬಂದ ಹೆಪ್ಪು ಮತ್ತೆ ಜೀವ ಹಿಡಿಯುತ್ತದೆ ಎಂದಳು.

ಹಳದಿಗಟ್ಟಿದ ಬಟ್ಟೆ ನೋಡಿ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ರೈಲಿನ ಧೂಳು, ಕಂಡವರ ಕೈ! ಲ್ಯಾಬಿನ ಮೊದಲ ಪಾಠವೇ ಶುದ್ಧೀಕರಣ. ಮಾಮಿಯ ಪ್ರೆಶರ್ ಕುಕ್ಕರ್ ಬೇಡಿ ತಂದು ಪಾತ್ರೆ, ಚಮಚ, ಹಾಲು ಎಲ್ಲವನ್ನೂ ಇಪ್ಪತ್ತು ನಿಮಿಷ ಬೇಯಿಸಿದೆ. ಬಟ್ಟೆಯನ್ನೂ! ಆರಿದ ಮೇಲೆ ಅದನ್ನು ಹಾಲಿಗೆ ಹಾಕಿ ಮುಚ್ಚಿಟ್ಟೆ.

ಮರುದಿನ ಹಾಲು ಹಾಲಾಗಿಯೇ ಇತ್ತು. ಅದರ ಮರುದಿನವೂ. ಅಷ್ಟು ಶುದ್ಧವಾದ ಹಾಲು ಮದ್ರಾಸಿನಲ್ಲಿ ಮತ್ತೊಂದಿರಲಿಕ್ಕಿಲ್ಲ. ಮೊಸರು ಮಾಡಬೇಕಾದ ಬ್ಯಾಕ್ಟೀರಿಯಾವನ್ನೇ ಬೇಯಿಸಿ ಕೊಂದಿದ್ದೇನೆಂದು ಹೊಳೆಯಲು ಭಾವಿ ವಿಜ್ಞಾನಿಗೆ ಎರಡು ದಿನ ಬೇಕಾಯಿತು. ಸಂಗತಿ ಕೇಳಿ ಮಾಮಿ ಹಣೆ ಹಣೆ ಚಚ್ಚಿಕೊಂಡು, ತಮ್ಮ ಮನೆಯ ಮೊಸರನ್ನು ಒಂದು ಚಮಚ ಕೊಟ್ಟರು. ಬೆಳಗಾಗುವಷ್ಟರಲ್ಲಿ ಗಡ್ಡೆ ಮೊಸರು! ನಿನ್ನ ಹೆಪ್ಪು ಚೆನ್ನಾಗಿ ಹಿಡಿದಿದೆ ಎಂದು ಅವ್ವನಿಗೆ ಕಾಗದ ಬರೆದುಬಿಟ್ಟೆ.

ಆರು ತಿಂಗಳಿಗೆ ಅವ್ವ ಹೇಳದೆ ಕೇಳದೆ ಬಂದಿಳಿದಳು. ಅಕ್ಕನ ಬಾಣಂತನಕ್ಕೆಂದು ಊರು ಬಿಟ್ಟಿದ್ದಾಗ ಗದಗಿನ ಹೆಪ್ಪು ತಪ್ಪಿಹೋಗಿತ್ತಂತೆ. ಮಗನ ಹತ್ತಿರ ಇದೆಯಲ್ಲ ಎಂಬ ಧೈರ್ಯದ ಮೇಲೆ ಬಂದಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಅನ್ನಕ್ಕೆ ಮೊಸರು ಕಲಸಿ ಒಂದು ತುತ್ತು ಬಾಯಿಗಿಟ್ಟಾಗಿತ್ತು.

"ಅದಽ ರುಚಿ ನೋಡಪಾ," ಎಂದಳು, ಕಣ್ಣಲ್ಲಿ ನೀರು. "ನಿಮ್ಮಜ್ಜಿ ಹೆಪ್ಪು ನೀ ಉಳಿಸಿದಿ. ನೀ ಓದಿದ್ದಕ್ಕೂ ಸಾರ್ಥಕ ಆತು."

ತೆರೆದ ಬಾಯಿಗೆ ನಾನೂ ಒಂದು ತುತ್ತು ತುರುಕಿಕೊಂಡೆ. ಅವ್ವ ಹೊಸ ಬಟ್ಟೆಯೊಂದನ್ನು ಮಾಮಿಯ ಮೊಸರಲ್ಲಿ ಅದ್ದಿ, ಮಹಡಿಯ ಮೇಲೆ ಒಣಗಿಸಿ, ದೇವರ ಪ್ರಸಾದದಷ್ಟು ಜೋಪಾನವಾಗಿ ಊರಿಗೆ ಒಯ್ದಳು.

ಡಿಗ್ರಿ ಬಂತು, ಫಸ್ಟ್ ಕ್ಲಾಸಿನಲ್ಲಿ. ಗದಗಿಗೆ ಹೋದಾಗಲೆಲ್ಲ ಅವ್ವ ತಟ್ಟೆ ತುಂಬ ಮೊಸರು ಬಡಿಸಿ, ಮದ್ರಾಸಿನಲ್ಲಿ ಇದಕ್ಕೇ ಹಂಬಲಿಸುತ್ತಿದ್ದೆಯಲ್ಲ, ಹೊಟ್ಟೆ ತುಂಬ ಉಣ್ಣು ಎನ್ನುತ್ತಾಳೆ. ಉಣ್ಣುತ್ತೇನೆ. ಮೈಲಾಪೂರಿನ ಮೊಸರು. ನಮ್ಮ ಮನೆಯ ಮೊಸರಿಗೆ ಇಂದಿಗೂ ಹಂಬಲಿಸುತ್ತಿದ್ದೇನೆ, ನಮ್ಮ ಮನೆಯಲ್ಲೇ ಕೂತು.