ಜೆ.ಪಿ. ನಗರದಿಂದ ಜೋಮ್‌ಸೋಮ್‌ಗೆ

ನಮ್ಮ ಸೋದರಮಾವ ದಿನಾ ಬೆಳಿಗ್ಗೆ ಹಿಮಾಲಯದಲ್ಲಿ ವಿಮಾನ ಇಳಿಸದೆ ತಿಂಡಿ ಮುಟ್ಟುತ್ತಿರಲಿಲ್ಲ. ಸುಳ್ಳೆನ್ನುತ್ತೀರಾ? ಜೆ.ಪಿ. ನಗರದ ಅವರ ಮನೆಯಲ್ಲಿ, ದೇವರಕೋಣೆಯ ಪಕ್ಕದಲ್ಲೇ ಕಂಪ್ಯೂಟರು, ಜಾಯ್‌ಸ್ಟಿಕ್ಕು, ಕಾಲಿಗೆ ಪೆಡಲ್ಲು. ಪರದೆಯ ಮೇಲೆ ವಿಮಾನ ಹಾರಿಸುವ ಆಟ, ಅದರಲ್ಲಿ ನೇಪಾಳದ ಜೋಮ್‌ಸೋಮ್. ಬೆಟ್ಟಗಳ ನಡುವಿನ ಕಣಿವೆಗೆ ನುಗ್ಗಿ, ರನ್‌ವೇ ದಾಟಿ ಮುಂದೆ ಹೋಗಿ, ಅಲ್ಲೇ ಯು-ಟರ್ನ್ ಹೊಡೆದು ಇಳಿಯಬೇಕಂತೆ. ಇದೇ ಮನುಷ್ಯ ಮನೆ ಮುಂದಿನ ಕ್ರಾಸಿನಲ್ಲಿ ಕಾರು ತಿರುಗಿಸಬೇಕಾದರೆ ಅಕ್ಕಪಕ್ಕದವರೆಲ್ಲ ಹೊರಗೆ ಬಂದು "ಬರ್ಲಿ, ಬರ್ಲಿ, ಸ್ಟಾಪ್!" ಎಂದು ಕೂಗಬೇಕು!

ಜೋಮ್‌ಸೋಮೇ ಏಕೆ? ಅತ್ತೆಗೆ ಮುಕ್ತಿನಾಥನ ದರ್ಶನ ಮಾಡಬೇಕೆಂದು ಬಹಳ ವರ್ಷಗಳ ಆಸೆ. ರಸ್ತೆಯ ಕುಲುಕಾಟ ಅವರ ಸೊಂಟಕ್ಕೆ ಆಗದು, ವಿಮಾನದಲ್ಲಿ ಹೋಗಿ ಮುಕ್ತಿನಾಥಕ್ಕೆ ಹತ್ತಿರದ ಜೋಮ್‌ಸೋಮ್‌ನಲ್ಲೇ ಇಳಿಯಬೇಕು. ಆದರೆ ದಂಪತಿಗಳಿಬ್ಬರೂ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಯಾತ್ರೆಯ ಮಾತು ಬಂದಾಗಲೆಲ್ಲ ಅತ್ತೆ, "ಅಯ್ಯೋ, ಪ್ಲೇನ್ ಅಂದ್ರೆ ನಂಗೆ ಎದೆ ಡವಡವ ಅನ್ನತ್ತಪ್ಪ" ಎನ್ನುವುದು, ಮಾತು ಅಲ್ಲಿಗೇ ನಿಲ್ಲುವುದು.

"ನಿಮ್ಮತ್ತೆ ಭಯ ಬಿಡಿಸ್ಬೇಕು ಕಣೇ, ಅದಕ್ಕೇ ಇದೆಲ್ಲ" ಎಂದು ಮಾವ ನನಗೆ ಹೇಳಿದ್ದರು.

ಶಾಸ್ತ್ರಗಳೇನು ಕಡಿಮೆಯೇ? ರಾಹುಕಾಲದಲ್ಲಿ ವಿಮಾನ ಏಳುವಂತಿಲ್ಲ. ಇಳಿಯುವ ಹೊತ್ತಿಗೆ ಮನೆಯ ಫ್ಯಾನು ಆಫ್! "ಆ ಕಣಿವೇಲಿ ಮೊದಲೇ ಗಾಳಿ ಜಾಸ್ತಿ" ಎಂಬುದು ಅವರ ವಾದ. ಆಯುಧಪೂಜೆಯ ದಿನ ಜಾಯ್‌ಸ್ಟಿಕ್ಕಿಗೆ ಅರಿಶಿನ ಕುಂಕುಮ, ಪೆಡಲ್ಲಿನ ಕೆಳಗೆ ನಿಂಬೆಹಣ್ಣು. ಕುಂಕುಮ ಒಳಗಿಳಿದು ವಿಮಾನ ವಾರವೆಲ್ಲ ಬಲಕ್ಕೇ ಎಳೆದು ಬೆಟ್ಟಕ್ಕೆ ಬಡಿಯಿತು. ರಿಪೇರಿಯವನು ಬಿಚ್ಚಿ ನೋಡಿ, "ಸಾರ್, ಇದಕ್ಕೇನಾದ್ರೂ ಮದ್ವೆ ಮಾಡ್ಸಿದ್ರಾ?" ಎಂದ.

ಭಾನುವಾರ ಬನಶಂಕರಿಯಿಂದ ನಾನು ಹೋದರೆ ನೇರ ಪ್ರಯಾಣಿಕರ ಕುರ್ಚಿಗೆ. ಪಕ್ಕದಲ್ಲಿ ಅತ್ತೆ, ಬೀನ್ಸಿನ ನಾರು ತೆಗೆಯುತ್ತಾ.

"ಪ್ರಯಾಣಿಕರ ಗಮನಕ್ಕೆ! ಈಗ ಎಡಕ್ಕೆ ವಾಲತ್ತೆ. ಗಾಬರಿ ಆಗ್ಬೇಡಿ. ಬೀನ್ಸ್ ಗಟ್ಟಿಯಾಗಿ ಹಿಡ್ಕೊಳಿ!"

ಒಮ್ಮೆ ಸರಿಯಾಗಿ ಆಗಲೇ ಕುಕ್ಕರ್ ಕೂಗಿತು. "ಒಂದ್ನಿಮಿಷ ನಿಲ್ಸಿ ರೀ" ಎಂದು ಅತ್ತೆ ಎದ್ದರು.

"ನಿಲ್ಸಕ್ಕೆ ಇದೇನು ಆಟೋನೇನೇ?" ಎಂದು ಮಾವ ಹಿಂದೆ ತಿರುಗಿದ್ದೇ ತಪ್ಪಾಯಿತು. ಎಲ್ಲರೂ ಬೆಟ್ಟಕ್ಕೆ!

ಅಡುಗೆಮನೆಯಿಂದ ಅತ್ತೆ, "ಹೋದ್ವಾ? ಸರಿ, ಕೈ ತೊಳ್ಕೊಂಡು ಬನ್ನಿ, ತಿಂಡಿ ರೆಡಿ" ಎಂದರು.

ಕೊನೆಗೊಂದು ಕಾಲ ಬಂತು. ಮಾವ ವಾರವಿಡೀ ಎಲ್ಲೂ ತಾಗದೆ ಹೂವಿನಂತೆ ಇಳಿಸಿದರು. ಅತ್ತೆ ಬೀನ್ಸಿನ ತಟ್ಟೆ ಕೆಳಗಿಟ್ಟು, "ನನ್ನ ಭಯ ಹೋಯ್ತು ರೀ. ಟಿಕೆಟ್ ಮಾಡ್ಸಿ" ಎಂದರು. ಮಾವನ ಮುಖ ಯಾಕೋ ಬಿಳಿಚಿತು. ಜೊತೆಗಿರಲಿ ಎಂದು ನನ್ನನ್ನೂ ಹೊರಡಿಸಿದರು.

ವಿಮಾನದಲ್ಲಿ ನೇಪಾಳದ ಪೋಖರಾ ತಲುಪುವವರೆಗೂ ಮಾವ ಕಣ್ಣು ಮುಚ್ಚಿ ನಿದ್ದೆ ಮಾಡಿದರು, ಅಥವಾ ಹಾಗೆಂದರು. ಅಲ್ಲಿಂದ ಹೊರಟ ಪುಟ್ಟ ವಿಮಾನ ಕಣಿವೆ ಹೊಕ್ಕಾಗ ನಾನು ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ನಮ್ಮ ಪೈಲಟ್ ಸಾಹೇಬರು ಬೆವೆತು ನೀರಾಗಿ, ಎರಡೂ ಕೈಯಲ್ಲಿ ಅತ್ತೆಯ ಕೈ ಹಿಡಿದು ಕೂತಿದ್ದಾರೆ! ಮಾತಾಡುತ್ತಿರುವವರು ಅತ್ತೆ.

"ಈಗ ಎಡಕ್ಕೆ ವಾಲತ್ತೆ ರೀ. ಗಾಬರಿ ಆಗ್ಬೇಡಿ. ರನ್‌ವೇ ದಾಟ್ತು, ಇನ್ನು ತಿರುಗತ್ತೆ. ಒಂಚೂರು ಕುಲುಕತ್ತೆ, ಅಷ್ಟೇ. ಹಾಂ, ಇಳೀತು ನೋಡಿ."

ಮಾವ ಬ್ಯಾಗು ತರಲು ಹೋದಾಗ ಕೇಳಿದೆ, "ಅತ್ತೆ, ನಿಮಗೆ ಭಯ ಆಗ್ಲಿಲ್ವಾ?"

"ನಂಗ್ಯಾವತ್ತೇ ಭಯ ಇತ್ತು? ಹೆದರ್ತಿದ್ದಿದ್ದು ಅವರು. ಅದು ಅವರ ಬಾಯಲ್ಲಿ ಬರಲ್ಲ. ಅದಕ್ಕೇ ಇಷ್ಟು ವರ್ಷ ನಾನೇ ನಂಗೆ ಭಯ ಅಂತಿದ್ದೆ. ಅವರಿಗೆ ಹೇಳ್ಬೇಡ ಮತ್ತೆ."

ಅಷ್ಟರಲ್ಲಿ ಮಾವ ಎದೆಯುಬ್ಬಿಸಿಕೊಂಡು ಬಂದರು. "ನೋಡಿದ್ಯೇನೇ? ನಿಮ್ಮತ್ತೆ ಒಂಚೂರೂ ಹೆದರ್ಲಿಲ್ಲ. ಎಲ್ಲ ನನ್ನ ಟ್ರೈನಿಂಗು!"

ನಾನು ನಗು ತಡೆದುಕೊಂಡು ಅತ್ತೆಯ ಕಡೆ ನೋಡಿದೆ. ಅತ್ತೆ ಮಾತ್ರ "ಇನ್ನೇನ್ ಮತ್ತೆ!" ಎನ್ನುತ್ತಾ, ಬೆವರು ಇನ್ನೂ ಆರದ ಅವರ ಕೈಯಿಂದ ಮೆಲ್ಲಗೆ ಬ್ಯಾಗು ಇಸಿದುಕೊಂಡರು.