ಮಾವಶಿಯ ಕಿವಿ ಪರೀಕ್ಷೆ

ನಮ್ಮ ಮಾವಶಿಯ ಪ್ರಕಾರ ನನ್ನ ಯಜಮಾನರನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟುಹೋಗುವ ವಯಸ್ಸು ಇನ್ನೂ ಬಂದಿಲ್ಲ. ಅವರಿಗೀಗ ನಲವತ್ತೊಂದು! ನಿಲಂಗಾದಲ್ಲಿ ಕಚೇರಿ, ತಲೆಯಲ್ಲಿ ಅರ್ಧ ಬೆಳ್ಳಿ, ಕೈಕೆಳಗೆ ಆರು ಜನ. ಆದರೂ ಮಾವಶಿಯ ಪರೀಕ್ಷೆಯಲ್ಲಿ ಎರಡು ಸಲ ನಪಾಸು. "ಮನಶ್ಯಾ ಛಲೋ ಅದಾನ. ಖರೆ ಕಿವಿ ಇನ್ನಾ ಹಸೀ ಅವ," ಎಂದು ಅವರ ಎದುರಿಗೇ ಹೇಳಿಬಿಟ್ಟಳು.

ಮಾವಶಿ ಎಂದರೆ ನನ್ನ ಅವ್ವನ ತಂಗಿ. ಗಡಿಯಾಚೆಯ ಉಮರ್ಗಾದಲ್ಲಿರುವ ನಾವು ಮನೆಯೊಳಗೆ ಕನ್ನಡ ಆಡಿದರೂ ನೆಂಟರನ್ನು ಮಾತ್ರ ಮರಾಠಿಯಲ್ಲಿ ಕರೆಯುತ್ತೇವೆ. ಅವಳು ಸಾಸ್ತೂರಿನವಳು, ಅರವತ್ತೆರಡು ವರ್ಷ, ಗಂಡ ತೀರಿಕೊಂಡು ಬಹಳ ಕಾಲವಾಯಿತು. ಭೂಕಂಪವಾದ ಮೇಲೆ ಸರ್ಕಾರ ಕಟ್ಟಿಕೊಟ್ಟ ಎರಡು ಕೋಣೆಯ ಮನೆ ಅವಳದು. ಮೂವತ್ತು ವರ್ಷ ಮೀರಿ ಗೋಡೆ ಬಿರುಕು ಬಿಟ್ಟಿದ್ದರೂ ಅವಳಿಗೆ ಅದು ಇಂದಿಗೂ "ಹೊಸಾ ಮನಿ"! ಅವ್ವ ಹೋದ ಮೇಲೆ ನನಗೆ ಹಿರಿಯಳು ಅಂತ ಇರುವವಳು ಇವಳೊಬ್ಬಳೇ. ಅವಳ ಮಾತು ಮೀರುವ ಧೈರ್ಯ ನನಗಿಲ್ಲ.

ಪರೀಕ್ಷೆ ಎಂಥದು ಅಂತೀರಿ? ನೆಲದ ಮೇಲೆ ಒಂದು ತಂಬಿಗೆ ಬೋರಲು. ಅದರ ಮೇಲೆ ಹಿತ್ತಾಳೆ ಲೋಟ, ಅದೂ ಬೋರಲು. ಲೋಟದ ಮೇಲೆ ಒಂದು ಪುಟ್ಟ ಬಟ್ಟಲು. ನೆಲ ಕೂದಲೆಳೆಯಷ್ಟು ಅಲುಗಿದರೂ ಬಟ್ಟಲು ಕಿಣಿ ಎನ್ನುತ್ತದೆ. ಭೂಕಂಪದ ನಂತರ ಆ ಕಡೆಯ ಊರುಗಳಲ್ಲಿ ಮನೆಮನೆಗೂ ಹೀಗೆ ಪಾತ್ರೆ ಒಟ್ಟಿಡುತ್ತಿದ್ದರಂತೆ. ಉಳಿದವರು ಕ್ರಮೇಣ ಬಿಟ್ಟರು, ಮಾವಶಿ ಬಿಡಲಿಲ್ಲ. ಪರೀಕ್ಷೆಗೆ ಕೂತವರು ಪಾತ್ರೆಗಳಿಗೆ ಬೆನ್ನು ಮಾಡಬೇಕು. ಕಿಣಿ ಎಂದರೆ ಅದು ರಸ್ತೆಯ ಲಾರಿಯೋ, ಮಾಳಿಗೆಯ ಬೆಕ್ಕೋ ಅಥವಾ ಬೇರೆ ಏನೋ ಎಂದು ಹೇಳಬೇಕು. ಆ 'ಬೇರೆ ಏನೋ' ಯಾವುದೆಂದು ಅವಳು ಹೆಸರು ಹಿಡಿದು ಹೇಳುವುದಿಲ್ಲ.

"ಮನ್ಯಾಗ ಒಬ್ಬರೇ ಇರ್ಲಿಕ್ಕ ವಯಸ್ಸ ತಗೊಂಡು ಏನ್ ಮಾಡ್ತಿ? ಮನಿ ಏನ್ ಹೇಳ್ಲತ್ತದ ಅಂತ ತಿಳೀಬೇಕು," ಎನ್ನುತ್ತಾಳೆ.

ನನ್ನ ಯಜಮಾನರು ಮೊದಲ ಸಲ "ಲಾರಿ" ಎಂದರು. ಪಕ್ಕದ ಮನೆಯ ಮಿಕ್ಸರ್ ಆಗಿತ್ತು. ಎರಡನೆಯ ಸಲ ಬಹಳ ಹೊತ್ತು ಕಣ್ಣು ಮುಚ್ಚಿ ಧ್ಯಾನ ಮಾಡಿ "ಬೆಕ್ಕು" ಎಂದರು. ಅದು ಅವರದೇ ಕಾಲು! ಕೂತಲ್ಲಿ ತೊಡೆ ಕುಣಿಸುವ ಚಟ ಅವರಿಗೆ. "ತನ್ನ ಕಾಲ ತನಗ ಗೊತ್ತಾಗಂಗಿಲ್ಲ ಈ ಮನಶ್ಯಾಗ!" ಎಂದು ಮಾವಶಿ ಹಣೆ ಬಡಿದುಕೊಂಡಳು.

ನಗು ಬರುತ್ತದೆ, ನಿಜ. ಆದರೆ ಅವಳ ಜೊತೆ ಒಮ್ಮೆ ಮನೆಗೆ ಬೀಗ ಹಾಕಿ ಹೊರಟು ನೋಡಿ. ನಾವೆಲ್ಲ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿರುತ್ತೇವೆ. ಅವಳು ಬಾಗಿಲಲ್ಲೇ ನಿಂತು ಖಾಲಿ ಮನೆಯ ಒಳಕ್ಕೆ ಮುಖ ಮಾಡಿ, "ಎಲ್ಲಾರೂ ಹೊರಗ ಬಂದ್ರ್ಯಾ?" ಎಂದು ಕೇಳುತ್ತಾಳೆ. ಆಮೇಲೆ ಕಾಯುತ್ತಾಳೆ. ಒಳಗಿನ ಕತ್ತಲಲ್ಲಿ ಯಾರೋ ಬೇಗ ಬೇಗ ಚಪ್ಪಲಿ ಹುಡುಕುತ್ತಿದ್ದಾರೆ ಎನ್ನುವ ಹಾಗೆ ಕಾಯುತ್ತಾಳೆ. ಅವಳಿಗೆ ಸಮಾಧಾನವಾಗುವಷ್ಟು ಹೊತ್ತು ಕಳೆದ ಮೇಲೆ, ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ಬಾಗಿಲು ಎಳೆಯುತ್ತಾಳೆ. ಪ್ರತಿಸಲವೂ ನಾನು ನನಗೆ ಗೊತ್ತಿಲ್ಲದೆ ನಮ್ಮನ್ನೆಲ್ಲ ಒಮ್ಮೆ ಎಣಿಸಿಕೊಂಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳಿಗೆ ಒಂಬತ್ತು ವರ್ಷ. ನಾನು ಯೆಣೆಗೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಈ ವರ್ಷ ಸಂಜೆಯ ತರಗತಿಯೂ ನನ್ನ ಪಾಲಿಗೆ ಬಂತು. ಮಗಳು ನಾಲ್ಕೂವರೆಗೆ ಮನೆಗೆ ಬಂದರೆ ನಾನು ಬಸ್ಸು ಇಳಿಯುವುದು ಆರಕ್ಕೆ. ಆ ಒಂದೂವರೆ ತಾಸು ಅವಳು ಒಬ್ಬಳೇ ಇರಬೇಕು, ಇಲ್ಲವೇ ನಾನು ನೌಕರಿ ಬಿಡಬೇಕು. ಮಾವಶಿಗೆ ಫೋನು ಮಾಡಿದೆ. ಮರುದಿನವೇ ಎಸ್‌ಟಿ ಬಸ್ಸು ಹತ್ತಿ ಬಂದಳು, ಕೈಯಲ್ಲಿ ತಂಬಿಗೆ, ಲೋಟ, ಬಟ್ಟಲು!

ನಮ್ಮಲ್ಲೇ ಉಳಿದು ಒಂದು ತಿಂಗಳು ತಾಲೀಮು ಕೊಟ್ಟಳು. ಮಗಳಿಗೆ ಅವಳು 'ಆಯಿ', ಅಂದರೆ ಅಜ್ಜಿ. ಲಾರಿ, ಬೆಕ್ಕು, ಮಿಕ್ಸರು, ಮೇಲಿನ ಮನೆಯವರು ಮಂಚ ಎಳೆದದ್ದು, ಎಲ್ಲವನ್ನೂ ಮಗಳು ಪಟಪಟ ಹೇಳಿದಳು. ಹೊಸ ಗ್ಯಾಸ್ ಸಿಲಿಂಡರ್ ತಂದವನ ಕುಂಟುಕಾಲನ್ನೂ ಗುರುತಿಸಿದಳು. ಆದರೂ ಮಾವಶಿಯ ಬಾಯಲ್ಲಿ ಒಂದೇ ಮಾತು, "ಇನ್ನಾ ಇಲ್ಲ."

ನಡುವೆ ಒಂದು ಭಾನುವಾರ ಮಾವಶಿಯ ಜೊತೆ ನಾವು ಸಾಸ್ತೂರಿನ ಅವಳ ಮನೆಗೆ ಹೋಗಿದ್ದೆವು, ತಂಬಿಗೆ, ಲೋಟ, ಬಟ್ಟಲೂ ಜೊತೆಗೇ ಬಂದಿದ್ದವು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಗಾಳಿ ಸುಳಿಯುತ್ತಿರಲಿಲ್ಲ. ಬಟ್ಟಲು ಕಿಣಿ ಎಂದಿತು. ಮಾವಶಿಯ ಕೈ ತುತ್ತಿನ ಸಮೇತ ಅರ್ಧಕ್ಕೇ ನಿಂತಿತು. ಆಮೇಲೆ ಕೆಳಗಿನಿಂದ ಸದ್ದು ಬಂತು. ಯಾರೋ ನೆಲದೊಳಗೆ ಬೀಸುವ ಕಲ್ಲನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದ ಹಾಗೆ. ನನ್ನ ಅಂಗಾಲು ಜುಮ್ಮೆಂದಿತು. ಹೊರಗೆ ಒಂದು ನಾಯಿಯೂ ಬೊಗಳಲಿಲ್ಲ.

ಮಗಳು ಮೆಲ್ಲಗೆ, "ಆಯಿ, ಇದು ಲಾರಿ ಅಲ್ಲ," ಎಂದಳು.

"ಹೌದು. ಹತ್ತಕ್ಕ ಹತ್ತು," ಎಂದಳು ಮಾವಶಿ. ಅವಳ ಬೆರಳಿನ ಸಂದಿಯಿಂದ ಪುಂಡಿಪಲ್ಲೆ ಸೀರೆಯ ಮೇಲೆ ಸೋರುತ್ತಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹತ್ತಕ್ಕೆ ಹತ್ತು ಬಂದ ಮೇಲೂ ಸರ್ಟಿಫಿಕೇಟು ಮಾತ್ರ ಇಲ್ಲ! ನನಗೆ ಸಿಟ್ಟು ಬಂತು. ಶಾಲೆಯಲ್ಲಿ ಸೋಮವಾರದಿಂದ ಸಂಜೆಯ ತರಗತಿಗೆ ಬರುತ್ತೀರೋ ಇಲ್ಲವೋ ಎಂದು ಕೇಳಿದ್ದರು. ಶನಿವಾರ ಕಡೆಯ ಪರೀಕ್ಷೆ ಎಂದು ಗಟ್ಟಿಯಾಗಿ ಹೇಳಿದೆ. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡು ಒಂದು ತಾಸು ಒಬ್ಬಳೇ ಇರುವುದು. ನಾನು ಸಂತೆಗೆ, ಮಾವಶಿ ಗುಡಿಗೆ.

ಸಂತೆಯಲ್ಲಿ ಕಾಲು ನಿಲ್ಲಲಿಲ್ಲ. ಅರ್ಧ ತಾಸಿಗೇ ಮರಳಿದೆ. ಬಿಸಿಲು ಇನ್ನೂ ಚುರುಗುಡುತ್ತಿದ್ದರೂ ಓಣಿಯಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಸದ್ದಿಲ್ಲ. ಕರೆಯಬೇಕೆಂದು ಬಾಯಿ ತೆರೆದವಳಿಗೆ ಯಾರೋ ಪಿಸುಗುಟ್ಟುವುದು ಕೇಳಿಸಿತು. ಒಳಗಿನಿಂದಲ್ಲ, ಹಿತ್ತಲಿನಿಂದ. ಹೆಂಗಸಿನ ದನಿ. ಒಂದೇ ಸಮನೆ, ಉಸಿರು ಬಿಡದೆ. ಗೋಡೆ ಹಿಡಿದುಕೊಂಡು ಮೂಲೆ ತಿರುಗಿದೆ.

ಮಾವಶಿ! ಗುಡಿಗೆ ಹೋಗಿರಲೇ ಇಲ್ಲ. ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈಯನ್ನು ಮಣ್ಣಿಗೆ ಒತ್ತಿ ಹಿಡಿದಿದ್ದಳು. ಮಾತಾಡುತ್ತಿದ್ದದ್ದು ನೆಲದ ಜೊತೆ.

"ಸುಮ್ಮನಿರ್ವಾ. ಒಳಗ ಕೂಸದ. ಒಬ್ಬಾಕೇ ಅದಾಳ. ಇನ್ನ ಅರ್ಧಾ ತಾಸ ಸುಮ್ಮನಿರು, ನಿನ್ನ ಕಾಲ ಬೀಳ್ತೀನಿ. ಆಕಿ ಅವ್ವ ಬರೋತನಾ ಅಲಗಬ್ಯಾಡ."

ನನಗೆ ಗೊತ್ತಿದ್ದ ಸಂಗತಿಯೇ. ಅವ್ವ ಒಂದೇ ಒಂದು ಸಲ ಹೇಳಿ, ಮತ್ತೆಂದೂ ಎತ್ತಬೇಡ ಎಂದಿದ್ದಳು. ಮಾವಶಿಗೂ ಒಬ್ಬ ಮಗಳಿದ್ದಳು, ಆರು ವರ್ಷದವಳು. ಭೂಕಂಪವಾದ ದಿನ ಬೆಳಗಾಗುವ ಮುಂಚೆ ಮಾವಶಿ ಚಂಬು ಹಿಡಿದು ಬಯಲಿಗೆ ಹೋಗಿದ್ದಳು. ಗಂಡ ಹೊಲದಲ್ಲಿದ್ದ. ನಿದ್ದೆ ಮಾಡುವ ಕೂಸನ್ನು ಯಾಕೆ ಎಬ್ಬಿಸುವುದು ಎಂದು ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದಳು. ತಿರುಗಿ ಬರುವಾಗ ಬಾಗಿಲೂ ಇರಲಿಲ್ಲ, ಓಣಿಯೂ ಇರಲಿಲ್ಲ. ಇಷ್ಟು ಗೊತ್ತಿದ್ದೂ ನಾನು ಒಂದು ತಿಂಗಳಿಂದ ನಗುತ್ತಿದ್ದೆ, ಸಿಡುಕುತ್ತಿದ್ದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಪಕ್ಕದಲ್ಲಿ ಹೋಗಿ ಕೂತೆ. ಅವಳು ಬೆಚ್ಚಲಿಲ್ಲ. ನನ್ನ ಹೆಜ್ಜೆ ಆಗಲೇ ಕೇಳಿಸಿರಬೇಕು.

"ಮಾವಶಿ, ಹುಡುಗಿ ಇನ್ನಾ ನಪಾಸಾ?"

"ಆಕಿ ಪಾಸಾಗಿ ಭಾಳ ದಿನಾ ಆತು ಮಗಾ," ಎಂದಳು. "ನಾನೇ ಆಗವಲ್ಲೆ. ಸೋಮವಾರದಿಂದ ಆಕಿನ್ನ ಬಿಟ್ಟ ಹೋಗು. ನಾ ಇಲ್ಲಿ ಹೊರಗ ಕೂಡ್ತೀನಿ. ಆಕಿಗಿ ಹೇಳಬ್ಯಾಡ."

ಮೇಲೆ ಕಿಟಕಿ ತೆರೆಯಿತು. ಸರಳಿನ ನಡುವೆ ನನ್ನ ಮಗಳ ಮುಖ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ! ಕಿವಿ ತಿದ್ದಿದವಳು ಯಾರು ಮತ್ತೆ?

"ಆಯಿ," ಎಂದಳು, "ಬಿಸಲಾಗ ಯಾಕ ಕುಂತಿ? ಒಳಗ ಬಾ. ಅಂಜಬ್ಯಾಡ, ನಾ ಅದೀನಿ."

ಮಾವಶಿ ಏಳಲು ನೋಡಿದಳು, ಮೊಣಕಾಲು ಏಳಗೊಡಲಿಲ್ಲ. ನಾನು ಕೈ ಕೊಟ್ಟೆ. ಮಣ್ಣಾದ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳಲು ಹೋದವಳನ್ನು ಬಿಡದೆ ಹಾಗೆಯೇ ಹಿಡಿದುಕೊಂಡೆ. ಅಷ್ಟರಲ್ಲಿ ಮಗಳು ಒಳಗಿನಿಂದ ಓಡಿ ಬಂದು ಚಿಲಕ ತೆಗೆದಳು.